ಪುಟ್ಟ ಮಗು, ಮನೆಗೆಲಸ ಮತ್ತು ದಿನಕ್ಕೆ ನೂರು 'ನಕ್ಕೋ'

ಸಹೋದರಿಯರೇ, ಗದಗ-ಬೆಟಗೇರಿಯ ಓಣಿಗಳಲ್ಲಿ ನಳಕ್ಕೆ ನೀರು ಬಂದ ದಿನ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಮುಂಡರಗಿ ತಾಲ್ಲೂಕಿನ ಹಮ್ಮಿಗಿ ಬಳಿ ತುಂಗಭದ್ರಾ ನದಿಯಿಂದ ಎತ್ತಿದ ನೀರು ನಮ್ಮ ಅವಳಿ ನಗರಕ್ಕೆ ಬರುತ್ತದೆ. ಆದರೆ ಮನೆಯ ನಳದಲ್ಲಿ ಅದು ಕಾಣಿಸಿಕೊಳ್ಳುವುದು ವಾರಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ. ಬೇಸಿಗೆಯಲ್ಲಿ ಕೆಲವು ಓಣಿಗಳಿಗೆ ಅದಕ್ಕಿಂತಲೂ ತಡ. ಲಕ್ಷ್ಮೇಶ್ವರದ ಸಹೋದರಿಯರಿಗೂ ಈ ಕಾಯುವಿಕೆ ಹೊಸದಲ್ಲ. ಆದ್ದರಿಂದ "ನೀರು ಬಂತು" ಎಂಬ ಕೂಗು ಕೇಳಿದೊಡನೆ ಒಲೆಯ ಮೇಲಿದ್ದದ್ದು ಒಲೆಯ ಮೇಲೆಯೇ ಉಳಿಯುತ್ತದೆ. ಕೊಡ, ಬಕೆಟ್, ಬ್ಯಾರಲ್, ಹಂಡೆ ಎಲ್ಲವೂ ಅಂಗಳಕ್ಕೆ ಬರುತ್ತವೆ. ಹತ್ತು ದಿನಗಳ ಅರಿವೆ ಒಗೆಯಬೇಕು, ಬಚ್ಚಲು ತೊಳೆಯಬೇಕು, ಕುಡಿಯುವ ನೀರನ್ನು ಸೋಸಿ ಇಡಬೇಕು. ಇದೆಲ್ಲದರ ನಡುವೆ ಸೆರಗು ಹಿಡಿದು ಎಳೆಯುವ, ಎರಡು ವರ್ಷವೂ ತುಂಬದ ಒಂದು ಮಗು!

ಅಂತಹ ಒಂದು ದಿನದ ಘಟನೆಯನ್ನು ನಿಮ್ಮ ಮುಂದೆ ಇಡುತ್ತೇನೆ. ನನ್ನ ಕಿರಿಯ ಮಗನಿಗೆ ಆಗ ಒಂದು ವರ್ಷ ಹತ್ತು ತಿಂಗಳು. ನಾನು ಅಂಗಳದಲ್ಲಿ ಪೈಪು ಹಿಡಿದು ನೀರು ತುಂಬಿಸುತ್ತಿದ್ದೆ. ಅವನು ಕೆಸರು ಮೆತ್ತಿದ ತನ್ನ ಚಪ್ಪಲಿಯನ್ನು ಆಗಷ್ಟೇ ಒರೆಸಿದ್ದ ಪಡಸಾಲೆಗೆ ತಂದ. ನಾನು ರೇಗಿದೆ, ಚಪ್ಪಲಿ ಕಿತ್ತುಕೊಂಡೆ. ಅವನು ಮತ್ತೆ ತಂದ. ಮತ್ತೆ ಕಿತ್ತುಕೊಂಡೆ, ಕೈಗೊಂದು ಪೆಟ್ಟು ಕೊಟ್ಟೆ. ಮೂರನೆಯ ಬಾರಿ ಚಪ್ಪಲಿಯನ್ನು ಸಿಟ್ಟಿನಿಂದ ಹೊರಗೆ ಎಸೆದು ಬ್ಯಾರಲ್ ಕಡೆ ಓಡಿದೆ. ಪೈಪು ಸರಿಪಡಿಸಿ ತಿರುಗುವಷ್ಟರಲ್ಲಿ ನಮ್ಮ ಅತ್ತೆ "ಯಾ ಅಲ್ಲಾಹ್" ಎಂದು ಚೀರಿದರು. ಬಾಗಿಲ ಬಳಿ ಅರ್ಧ ತುಂಬಿದ್ದ ಬಕೆಟ್ಟಿನೊಳಗೆ ಮಗು ತಲೆಕೆಳಗಾಗಿ ಬಾಗಿತ್ತು. ಕಾಲುಗಳು ನೆಲ ಬಿಟ್ಟಿದ್ದವು. ನಾನು ಎಸೆದ ಚಪ್ಪಲಿ ಆ ಬಕೆಟ್ಟಿನಲ್ಲಿ ತೇಲುತ್ತಿತ್ತು. ಅತ್ತೆ ಅವನನ್ನು ಎಳೆದು ಎತ್ತಿಕೊಂಡರು. ಅಲ್ಹಮ್ದುಲಿಲ್ಲಾಹ್, ಎರಡು ಸಲ ಕೆಮ್ಮಿ ಜೋರಾಗಿ ಅತ್ತ. ಆ ಅಳುವಿನಷ್ಟು ಇಂಪಾದ ಧ್ವನಿಯನ್ನು ನಾನು ಇಂದಿಗೂ ಕೇಳಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ನೆಲದ ಮೇಲಿನ ಕೆಸರಿಗಾಗಿ ನಾನು ಮೂರು ಬಾರಿ ಜಗಳವಾಡಿದ್ದೆ. ಬಾಗಿಲಲ್ಲಿದ್ದ ಬಕೆಟ್ ಮಾತ್ರ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಸಣ್ಣ ಮಗುವಿರುವ ಮನೆಯಲ್ಲಿ ನಾವು ದಿನವಿಡೀ ಆಡುವ ಜಗಳಗಳಲ್ಲಿ ಯಾವುದು ನಿಜವಾಗಿ ಆಡಲೇಬೇಕಾದದ್ದು? ಯಾವುದನ್ನು ಬಿಟ್ಟುಬಿಡಬಹುದು? ಈ ಬಗ್ಗೆ ಸ್ವಲ್ಪ ಯೋಚಿಸೋಣ.

ಒಂದು ದಿನ ಎಣಿಸಿ ನೋಡಿ

ನಮ್ಮ ಕಡೆ ಮನೆಯಲ್ಲಿ ದಖನಿ ಮಾತನಾಡುವವರು ಮಗುವಿಗೆ ಅತಿ ಹೆಚ್ಚು ಹೇಳುವ ಮಾತು 'ನಕ್ಕೋ'. ಮುಟ್ಟು ನಕ್ಕೋ, ಹೋಗು ನಕ್ಕೋ, ಚೆಲ್ಲು ನಕ್ಕೋ ಎಂದು ಎರಡೂ ಭಾಷೆ ಬೆರೆಸಿ ಹೇಳುವವರೂ ಇದ್ದಾರೆ. ಒಂದು ದಿನ ಬೆಳಗಿನ ಚಹಾದಿಂದ ಮಧ್ಯಾಹ್ನದ ಊಟದವರೆಗೆ ನೀವು ಎಷ್ಟು ಸಲ ಹೀಗೆ ಹೇಳಿದಿರಿ ಎಂದು ಎಣಿಸಿ. ನಾನು ಎಣಿಸಿದಾಗ ಐವತ್ತು ದಾಟಿದ ಮೇಲೆ ನಾಚಿಕೆಯಾಗಿ ಎಣಿಸುವುದನ್ನೇ ನಿಲ್ಲಿಸಿದೆ. ಮಗು ಬೇಗನೆ ಕಲಿತು ನಮಗೇ ತಿರುಗಿಸಿ ಹೇಳುವ ಮಾತೂ ಅದೇ ಅಲ್ಲವೇ?

ಎರಡು ವರ್ಷದ ಮಗು ಹಟಮಾರಿಯೆಂದು ನಾವು ದೂರುತ್ತೇವೆ. ಆದರೆ ಆ ವಯಸ್ಸಿನಲ್ಲಿ ತನ್ನ ಕೈಯನ್ನು ತಾನೇ ತಡೆದುಕೊಳ್ಳುವ ಶಕ್ತಿ ಇನ್ನೂ ಬಲಿತಿರುವುದಿಲ್ಲ. 'ಮುಟ್ಟಬೇಡ' ಎಂಬ ಮಾತು ಅದಕ್ಕೆ ಅರ್ಥವಾಗುತ್ತದೆ, ಆದರೂ ಕೈ ಮುಂದಕ್ಕೆ ಹೋಗುತ್ತದೆ. ಅದು ನಿಮ್ಮನ್ನು ಅವಮಾನಿಸಲು ಹಾಗೆ ಮಾಡುವುದಿಲ್ಲ. ನೂರು ವಸ್ತುಗಳಿಗೆ ಒಂದೇ ಗಂಟಲಲ್ಲಿ 'ನಕ್ಕೋ' ಎಂದರೆ ಚಮಚಕ್ಕೆ ಹೇಳಿದ್ದಕ್ಕೂ ಉರಿಯುವ ಒಲೆಗೆ ಹೇಳಿದ್ದಕ್ಕೂ ಮಗುವಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಒಂದು ದಿನ ನಿಜವಾಗಿಯೂ ಅದು ನಿಲ್ಲಬೇಕಾದ ಕಡೆ ನಿಮ್ಮ ಮಾತಿಗೆ ಬೆಲೆಯೇ ಇರುವುದಿಲ್ಲ.

ಪ್ರವಾದಿವರ್ಯರ(ಸ) ಬಗ್ಗೆ ಹಝ್ರತ್ ಆಯಿಶಾ(ರ) ತಿಳಿಸಿದ ಒಂದು ಸಂಗತಿ ಬುಖಾರಿಯಲ್ಲಿದೆ. ಎರಡು ವಿಷಯಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಸಂದರ್ಭ ಬಂದಾಗ, ಪಾಪವಲ್ಲದಿದ್ದರೆ, ಅವರು ಸುಲಭವಾದುದನ್ನೇ ಆರಿಸಿಕೊಳ್ಳುತ್ತಿದ್ದರು. ತಮ್ಮ ಸ್ವಂತಕ್ಕಾಗಿ ಅವರು ಯಾರ ಮೇಲೂ ಸೇಡು ತೀರಿಸಿಕೊಳ್ಳುತ್ತಿರಲಿಲ್ಲ. ಹತ್ತು ವರ್ಷ ಅವರ ಸೇವೆಯಲ್ಲಿದ್ದ ಹಝ್ರತ್ ಅನಸ್(ರ)ರಿಗೆ ಒಮ್ಮೆಯಾದರೂ 'ಛೆ' ಎನ್ನಲಿಲ್ಲ, ಇದನ್ನೇಕೆ ಮಾಡಿದೆ, ಅದನ್ನೇಕೆ ಮಾಡಲಿಲ್ಲ ಎಂದು ಗದರಲಿಲ್ಲ. ಅನಸ್(ರ) ಆ ಮನೆಗೆ ಬಂದದ್ದು ಬಾಲಕರಾಗಿದ್ದಾಗ. ಬಾಲಕರಿಂದ ತಪ್ಪುಗಳಾಗುವುದಿಲ್ಲವೇ? ಆದರೂ ಪ್ರತಿಯೊಂದು ತಪ್ಪನ್ನೂ ಜಗಳವಾಗಿ ಮಾಡುವ ಅಗತ್ಯ ಆ ಮನೆಯಲ್ಲಿ ಕಾಣಲಿಲ್ಲ.

ಮೂರು ಬುಟ್ಟಿಗಳು

ಜೋಳ ಹಸನು ಮಾಡುವಾಗ ನಾವು ಕಲ್ಲನ್ನು ಎಸೆಯುತ್ತೇವೆ, ಒಡಕು ಕಾಳನ್ನು ಬೇರೆ ಇಡುತ್ತೇವೆ, ಒಳ್ಳೆಯ ಕಾಳನ್ನು ಉಳಿಸಿಕೊಳ್ಳುತ್ತೇವೆ. ಮಗುವಿನ ತುಂಟತನವನ್ನೂ ಹೀಗೆ ಮೂರು ಬುಟ್ಟಿಗಳಲ್ಲಿ ಬೇರ್ಪಡಿಸಬಹುದು.

ಮೊದಲನೆಯ ಬುಟ್ಟಿ ಪ್ರಾಣಕ್ಕೆ ಸಂಬಂಧಿಸಿದ್ದು. ನೀರು, ಬೆಂಕಿ, ವಿದ್ಯುತ್ತು, ರಸ್ತೆ, ಬಾಟಲಿಯಲ್ಲಿಟ್ಟ ಫಿನೈಲ್ ಮತ್ತು ಸೀಮೆಎಣ್ಣೆ, ಹೊಲಕ್ಕೆ ಹೊಡೆಯುವ ಔಷಧಿ ಇವೆಲ್ಲ ಇದರಲ್ಲಿ ಬರುತ್ತವೆ. ಇಲ್ಲಿ ಯಾವ ರಾಜಿಯೂ ಬೇಡ. ಮಗು ಎಷ್ಟೇ ಅಳಲಿ, ನೆಲದ ಮೇಲೆ ಹೊರಳಾಡಲಿ, ಎತ್ತಿಕೊಂಡು ಅಲ್ಲಿಂದ ದೂರ ಒಯ್ಯಿರಿ. ಬೈಯಬೇಕಾಗಿಲ್ಲ, ಹೊಡೆಯಬೇಕಾಗಿಲ್ಲ. ಪ್ರತಿ ಸಲವೂ ಒಂದೇ ರೀತಿ ನಡೆದುಕೊಂಡರೆ ಸಾಕು.

ಎರಡನೆಯದು ಇತರರ ಹಕ್ಕಿಗೆ ಮತ್ತು ಅದಬಿಗೆ ಸಂಬಂಧಿಸಿದ್ದು. ಅಣ್ಣನಿಗೆ ಕಚ್ಚುವುದು, ಅಜ್ಜಿಯ ಮುಖಕ್ಕೆ ಹೊಡೆಯುವುದು, ಬೆಕ್ಕಿನ ಬಾಲ ಎಳೆಯುವುದು, ರೊಟ್ಟಿಯನ್ನು ತುಳಿಯುವುದು ಇತ್ಯಾದಿ. ಇಲ್ಲಿ ತಡೆಯಬೇಕು, ಆದರೆ ಕಲಿಕೆ ಒಂದೇ ದಿನದಲ್ಲಿ ಆಗುವುದಿಲ್ಲವೆಂದು ಒಪ್ಪಿಕೊಂಡು ತಡೆಯಬೇಕು. ಕೈ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು, ಚಿಕ್ಕ ಮಾತಿನಲ್ಲಿ ಹೇಳಿರಿ. ನಾಳೆಯೂ ಹೇಳಬೇಕಾಗುತ್ತದೆ, ಮುಂದಿನ ತಿಂಗಳೂ ಹೇಳಬೇಕಾಗುತ್ತದೆ.

ಮೂರನೆಯ ಬುಟ್ಟಿಯೇ ಎಲ್ಲಕ್ಕಿಂತ ದೊಡ್ಡದು. ಮಡಿಸಿಟ್ಟ ಅರಿವೆ ಕೆದರುವುದು, ಪಾತ್ರೆ ಬಡಿಯುವುದು, ಅಂಗಿಯನ್ನು ತಿರುಗುಮುರುಗು ತೊಡುವುದು, ಅನ್ನವನ್ನು ತಾನೇ ತಿನ್ನುತ್ತೇನೆಂದು ಅರ್ಧ ಚೆಲ್ಲುವುದು, ಕೆಸರು ಚಪ್ಪಲಿಯನ್ನು ಒಳಗೆ ತರುವುದು. ಇವುಗಳಿಂದ ನಮ್ಮ ಕೆಲಸ ಹೆಚ್ಚುತ್ತದೆ, ನಿಜ. ಆದರೆ ಯಾರ ಪ್ರಾಣಕ್ಕೂ ದೀನಿಗೂ ಹಾನಿಯಿಲ್ಲ. ಇವುಗಳನ್ನು ಬಿಟ್ಟುಬಿಡಿ. ಬಿಡಲಾಗದಿದ್ದರೆ ವಸ್ತುವನ್ನು ಎತ್ತರದಲ್ಲಿಡಿ. ನನ್ನ ಚಪ್ಪಲಿ ಜಗಳಕ್ಕೆ ಪರಿಹಾರ ಬಾಗಿಲ ಹೊರಗೆ ಹೊಡೆದ ಒಂದು ಮೊಳೆಯಾಗಿತ್ತು. ಚಪ್ಪಲಿಗಳನ್ನು ಅದಕ್ಕೆ ತೂಗುಹಾಕಿದೆ. ಆಮೇಲೆ ಆ ವಿಷಯದಲ್ಲಿ ನಾನು ಮಗನಿಗೆ ಒಂದು ಮಾತೂ ಹೇಳಬೇಕಾಗಲಿಲ್ಲ.

ಮಗುವನ್ನು ತಿದ್ದುವ ಮೊದಲು ಮನೆಯನ್ನು ತಿದ್ದಿ

ಮೊದಲನೆಯ ಬುಟ್ಟಿಯನ್ನು ಸ್ವಲ್ಪ ಬಿಡಿಸಿ ನೋಡೋಣ. ಸಣ್ಣ ಮಕ್ಕಳಿಗೆ ದೇಹಕ್ಕೆ ಹೋಲಿಸಿದರೆ ತಲೆಯ ಭಾರ ಹೆಚ್ಚು. ಬಕೆಟ್ಟಿನೊಳಗೆ ಬಗ್ಗಿದರೆ ತಲೆಯೇ ಮೊದಲು ಬೀಳುತ್ತದೆ, ಮತ್ತೆ ಮೇಲೇಳುವ ಶಕ್ತಿ ತೋಳುಗಳಿಗೆ ಇರುವುದಿಲ್ಲ. ಮುಳುಗುವ ಮಗು ಕೂಗುವುದೂ ಇಲ್ಲ. ಕೆಲವೇ ಅಂಗುಲ ನೀರು, ಒಂದೆರಡು ನಿಮಿಷ ಸಾಕು. ಆದ್ದರಿಂದ ನೀರು ಬಂದ ದಿನ ತುಂಬಿದ ಬಕೆಟ್ ನೆಲದ ಮೇಲೆ ನಿಲ್ಲಬಾರದು. ತುಂಬಿದೊಡನೆ ಬ್ಯಾರಲಿಗೆ ಸುರಿಯಿರಿ, ಖಾಲಿ ಬಕೆಟ್ಟನ್ನು ಬೋರಲು ಹಾಕಿರಿ. ಬ್ಯಾರಲಿಗೆ ಬಿಗಿಯಾದ ಮುಚ್ಚಳ, ಮುಚ್ಚಳದ ಮೇಲೆ ಕಲ್ಲು. ನೆಲಮಟ್ಟದ ಟಾಕಿಯಿದ್ದರೆ ಅದರ ಮುಚ್ಚಳಕ್ಕೆ ಚಿಲಕ. ಬಚ್ಚಲ ಬಾಗಿಲಿಗೆ ಮಗುವಿನ ಕೈಗೆಟುಕದ ಎತ್ತರದಲ್ಲಿ ಇನ್ನೊಂದು ಚಿಲಕ.

ಈ ಮುಚ್ಚಳದಿಂದ ಇನ್ನೊಂದು ಲಾಭವಿದೆ. ಡೆಂಗಿ ಹರಡುವ ಸೊಳ್ಳೆ ಚರಂಡಿಯಲ್ಲಲ್ಲ, ನಾವು ತುಂಬಿಸಿಟ್ಟ ಶುದ್ಧ ನೀರಿನಲ್ಲಿಯೇ ಮೊಟ್ಟೆ ಇಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಬೇಕು. ನಮ್ಮ ನಳಕ್ಕೆ ನೀರು ಬರುವ ಅಂತರವೂ ಹೆಚ್ಚುಕಡಿಮೆ ಅಷ್ಟೇ! ಮೊಟ್ಟೆಗಳು ಪಾತ್ರೆಯ ಒಳಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ. ಆದ್ದರಿಂದ ಹೊಸ ನೀರು ತುಂಬುವ ಮೊದಲು ಬ್ಯಾರಲಿನ ಒಳಭಾಗವನ್ನು ತಿಕ್ಕಿ ತೊಳೆಯುವುದು ಅಗತ್ಯ. ಅಂದು ನೆಲ ಒರೆಸಲು ಸಮಯ ಸಿಗದಿದ್ದರೆ ಚಿಂತೆಯಿಲ್ಲ. ಪಾತ್ರೆಗಳನ್ನು ಮುಚ್ಚಿಡಿ, ರಾತ್ರಿ ದೀಪಗಳನ್ನು ಆರಿಸಿ, ಮುಸ್ಸಂಜೆಯಲ್ಲಿ ಮಕ್ಕಳನ್ನು ಒಳಗೆ ಕರೆದುಕೊಳ್ಳಿ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದನ್ನು ನೆನಪಿಸಿಕೊಳ್ಳಿ. ಹದಿನಾಲ್ಕು ಶತಮಾನಗಳ ಹಿಂದಿನ ಈ ಶಿಸ್ತು ನಮ್ಮ ಅಂಗಳಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ!

ನಗರದ ಮನೆಗಳಲ್ಲಿ ನೀರಿನ ಅಪಾಯವಿದ್ದರೆ ಮುಂಡರಗಿ ಕಡೆಯ ಹಳ್ಳಿಗಳಲ್ಲಿ ಸುಗ್ಗಿಯ ಅಪಾಯವಿದೆ. ಅಲ್ಲಿ ಶೇಂಗಾ, ಮೆಣಸಿನಕಾಯಿ, ಉಳ್ಳಾಗಡ್ಡಿ ಮನೆಯೊಳಗೇ ಬಂದು ಕೂಡುತ್ತವೆ. ಹೆಂಗಸರು ಪಡಸಾಲೆಯಲ್ಲಿ ಕುಳಿತು ಶೇಂಗಾ ಸುಲಿಯುತ್ತಾರೆ, ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ. ಮಗು ಪಕ್ಕದಲ್ಲೇ ಇರುತ್ತದೆ. ಇಡೀ ಶೇಂಗಾ ಕಾಳು ಸಣ್ಣ ಮಗುವಿನ ಶ್ವಾಸನಾಳಕ್ಕೆ ಸರಿಯಾಗಿ ಸಿಕ್ಕಿಹಾಕಿಕೊಳ್ಳುವ ಗಾತ್ರದ್ದು. ಪುಟಾಣಿ, ಬಟಾಣಿಯೂ ಹಾಗೆಯೇ. ನಾಲ್ಕೈದು ವರ್ಷವಾಗುವವರೆಗೆ ಇಡೀ ಕಾಳು ಕೊಡಬೇಡಿ, ಪುಡಿ ಮಾಡಿ ಕೊಡಿ. "ಒಂದು ಕಾಳಿಗೆ ಏನಾಗುತ್ತದೆ?" ಎಂದು ಹಿರಿಯರು ಪ್ರೀತಿಯಿಂದ ಕೊಡಲು ಬಂದರೆ ವಿನಯದಿಂದ, ಆದರೆ ಗಟ್ಟಿಯಾಗಿ ತಡೆಯಿರಿ. ಗಂಟಲಲ್ಲಿ ಸಿಕ್ಕಿದ್ದು ಕಣ್ಣಿಗೆ ಕಾಣದಿದ್ದರೆ ಬೆರಳು ಹಾಕಿ ಕೆದಕಬೇಡಿ, ಅದು ಇನ್ನಷ್ಟು ಒಳಗೆ ಹೋಗುತ್ತದೆ. ಮಗುವಿಗೆ ಕೆಮ್ಮಲು ಆಗುತ್ತಿದ್ದರೆ ಕೆಮ್ಮಲು ಬಿಡಿ. ಆಗದಿದ್ದರೆ ಮುಂದಕ್ಕೆ ಬಗ್ಗಿಸಿ ಎರಡೂ ಭುಜಗಳ ನಡುವೆ ಅಂಗೈಯಿಂದ ತಟ್ಟಿರಿ, ಜೊತೆಯಲ್ಲಿದ್ದವರು 108ಕ್ಕೆ ಕರೆ ಮಾಡಲಿ. ಇನ್ನು ಮೆಣಸಿನಕಾಯಿ ಮುಟ್ಟಿದ ಕೈಯಿಂದ ಮಗುವಿನ ಮೂಗು ಒರೆಸುವ ತಪ್ಪನ್ನು ನಾವೇ ಮಾಡುತ್ತೇವೆ. ಸೋಪು ಹಚ್ಚಿ ಕೈ ತೊಳೆದ ನಂತರವೇ ಮಗುವನ್ನು ಎತ್ತಿಕೊಳ್ಳಿ.

ಒಲೆಯ ವಿಷಯ ಎಲ್ಲ ಮನೆಗಳಿಗೂ ಒಂದೇ. ಒಲೆಯ ಸುತ್ತ ಎರಡು ಮಾರು ಜಾಗಕ್ಕೆ ಮಗುವಿಗೆ ಪ್ರವೇಶವಿಲ್ಲ ಎಂಬುದು ಕಟ್ಟುನಿಟ್ಟಾಗಿರಲಿ. ಒಲೆ ನೆಲದ ಮೇಲಿದ್ದರೆ ಅಡ್ಡಲಾಗಿ ಹಲಗೆ ಇಡಿ. ಸುಟ್ಟರೆ ಟೂತ್‌ಪೇಸ್ಟ್, ಅರಿಸಿನ, ಶಾಯಿ ಹಚ್ಚಬೇಡಿ. ತಣ್ಣನೆಯ ನೀರನ್ನು ಇಪ್ಪತ್ತು ನಿಮಿಷ ಸುರಿಯುತ್ತಿದ್ದು ನಂತರ ವೈದ್ಯರ ಬಳಿ ಒಯ್ಯಿರಿ. ನೀರಿನ ಬರವಿದ್ದರೂ ಆ ಒಂದು ಕೊಡವನ್ನು ಉಳಿಸಬೇಡಿ.

ಪುಟ್ಟ ಕೈಗೆ ಪುಟ್ಟ ಕೆಲಸ

ಮಗು ನಮ್ಮ ಕೆಲಸಕ್ಕೆ ಅಡ್ಡಬರುವುದು ಹೆಚ್ಚಾಗಿ ನಮ್ಮಂತೆ ಮಾಡಬೇಕೆಂಬ ಆಸೆಯಿಂದ. ರೊಟ್ಟಿ ಬಡಿಯುವಾಗ ಒಂದು ಉಂಡೆ ಹಿಟ್ಟು ಕೊಟ್ಟು ದೂರದ ಚಾಪೆಯ ಮೇಲೆ ಕೂರಿಸಿ. ಅರಿವೆ ಒಣಹಾಕುವಾಗ ಕಾಲುಚೀಲಗಳನ್ನು ಎತ್ತಿಕೊಡಲು ಹೇಳಿ. ಉಳ್ಳಾಗಡ್ಡಿಯನ್ನು ಒಂದು ಬುಟ್ಟಿಯಿಂದ ಇನ್ನೊಂದಕ್ಕೆ ಹಾಕಲಿ. ಕೆಲಸ ನಿಧಾನವಾಗುತ್ತದೆ, ಹಿಟ್ಟು ನೆಲಕ್ಕೆ ಅಂಟುತ್ತದೆ. ಆದರೆ ಹತ್ತು ನಿಮಿಷ ನಿಮ್ಮ ಕೈ ಬಿಡುವಾಗುತ್ತದೆ, ಮಗುವಿಗೆ ತಾನೂ ಈ ಮನೆಗೆ ಬೇಕಾದವನು ಎನಿಸುತ್ತದೆ. ಅಪಾಯವಿರುವ ಕೆಲಸಗಳನ್ನು, ಅಂದರೆ ಎಣ್ಣೆ ಕಾಯಿಸುವುದು, ಬಿಸಿನೀರು ಇಳಿಸುವುದು ಮುಂತಾದವನ್ನು ಮಗು ಮಲಗಿದಾಗ ಅಥವಾ ಯಾರಾದರೂ ನೋಡಿಕೊಳ್ಳುವಾಗ ಮಾತ್ರ ಮಾಡಿ. ಮಡಿಸುವುದು, ಹಸನು ಮಾಡುವುದು, ಗುಡಿಸುವುದು ಅದು ಎಚ್ಚರವಿದ್ದಾಗಲೂ ನಡೆಯುತ್ತದೆ. ನಾವು ಹೆಚ್ಚಾಗಿ ಇದನ್ನು ತಲೆಕೆಳಗು ಮಾಡುತ್ತೇವೆ. ಮಗು ಮಲಗಿದೊಡನೆ ಮನೆ ಓರಣ ಮಾಡುತ್ತೇವೆ, ಅದು ಎದ್ದಾಗ ಒಲೆ ಹಚ್ಚುತ್ತೇವೆ.

ನಮಾಝ್ ವೇಳೆಯ ಜಗಳವೂ ಅನೇಕ ತಾಯಂದಿರನ್ನು ಕಾಡುತ್ತದೆ. ಸಜ್ದಾಕ್ಕೆ ಹೋದೊಡನೆ ಬೆನ್ನೇರುವ ಮಗುವಿನಿಂದ ಅಳು ಬರುವಷ್ಟು ಬೇಸರವಾಗುತ್ತದೆ. ಪ್ರವಾದಿವರ್ಯರು(ಸ) ತಮ್ಮ ಮೊಮ್ಮಗಳು ಉಮಾಮಾರನ್ನು ಎತ್ತಿಕೊಂಡೇ ನಮಾಝ್ ಮಾಡಿದ್ದರು, ಸಜ್ದಾಕ್ಕೆ ಹೋಗುವಾಗ ಕೆಳಗಿಳಿಸಿ, ಏಳುವಾಗ ಮತ್ತೆ ಎತ್ತಿಕೊಳ್ಳುತ್ತಿದ್ದರು. ಜಮಾಅತ್‌ನಲ್ಲಿ ಮಗುವಿನ ಅಳು ಕೇಳಿದರೆ ತಾಯಿಯ ಸಂಕಟವನ್ನು ನೆನೆದು ನಮಾಝನ್ನು ಚಿಕ್ಕದಾಗಿಸುತ್ತಿದ್ದರು. ಮಸೀದಿಯಲ್ಲಿಯೇ ಇಷ್ಟು ವಿಶಾಲತೆ ಇದ್ದಾಗ ನಮ್ಮ ಮನೆಯ ಮುಸಲ್ಲಾದ ಮೇಲೆ ಮಗುವಿಗೆ ಪೆಟ್ಟು ಏಕೆ? ನಮಾಝಿನ ಬಟ್ಟೆಯನ್ನು ಬೇರೆಯಾಗಿ ಎತ್ತರದಲ್ಲಿಡಿ. ಮಗುವಿಗೂ ಒಂದು ಚಿಕ್ಕ ಮುಸಲ್ಲಾ ಹಾಸಿಕೊಡಿ.

'ಜನ ಏನನ್ನುತ್ತಾರೆ?'

ಹಲವು ಸಲ ನಾವು ಮಗುವನ್ನು ಗದರುವುದು ಮಗುವಿಗಾಗಿ ಅಲ್ಲ, ನೋಡುತ್ತಿರುವವರಿಗಾಗಿ. ಆದಿಲ್‌ಶಾಹಿ ಕಾಲದ ಜುಮ್ಮಾ ಮಸೀದಿಯಿರುವ ಲಕ್ಷ್ಮೇಶ್ವರದಲ್ಲಿ ನನ್ನ ಪರಿಚಯದ ಒಬ್ಬ ಸಹೋದರಿ ಕೂಡುಕುಟುಂಬದಲ್ಲಿದ್ದಾರೆ. ನಾದಿನಿಯರು ಬಂದ ದಿನ ಅವರ ಮಗುವಿಗೆ ಹೆಚ್ಚು ಪೆಟ್ಟು ಬೀಳುತ್ತಿತ್ತಂತೆ. ಮನೆ ಹರಡಿದ್ದರೆ "ಸೊಸೆ ಸೋಮಾರಿ" ಎನ್ನುತ್ತಾರೆಂಬ ಭಯ. ಒಂದು ದಿನ ಅವರು ಅತ್ತೆಯ ಬಳಿ ಕುಳಿತು, "ಅಮ್ಮಿ, ಅಡುಗೆ ಮಾಡಲೋ, ಮಗುವನ್ನು ನೋಡಲೋ, ಮನೆ ಓರಣ ಮಾಡಲೋ? ಮೂರರಲ್ಲಿ ಎರಡನ್ನು ನಾನು ಮಾಡುತ್ತೇನೆ, ಯಾವ ಎರಡು ನೀವೇ ಹೇಳಿ" ಎಂದು ಕೇಳಿದರು. ಅತ್ತೆ ನಕ್ಕರು. ಅಂದಿನಿಂದ ಮೂರನೆಯದನ್ನು ಅತ್ತೆಯೇ ಹಂಚಿಕೊಂಡರು. ಅತ್ತೆಯಂದಿರೊಂದಿಗೂ ಎಲ್ಲ ವಿಷಯಕ್ಕೆ ವಾದ ಬೇಡ. ಮಗುವಿಗೆ ಕಾಡಿಗೆ ಹಚ್ಚುವ ಬಗ್ಗೆ, ಟೊಪ್ಪಿಗೆ ಹಾಕುವ ಬಗ್ಗೆ ಬೇರೆ ಬೇರೆಯಾಗಿ ಹತ್ತು ಮಾತು ಆಡುವುದಕ್ಕಿಂತ ಇಡೀ ಶೇಂಗಾ ಕೊಡಬಾರದು ಎಂಬ ಒಂದೇ ಮಾತನ್ನು ಗಟ್ಟಿಯಾಗಿ ಹೇಳಿದರೆ ಅದು ನಿಲ್ಲುತ್ತದೆ. ಆದರೆ ಕಣ್ಣೊಳಗೆ ಹಚ್ಚುವ ಕಾಡಿಗೆಯಲ್ಲಿ ಸೀಸವಿರುವುದುಂಟು. ಅದನ್ನು ಮಾತ್ರ ಮೊದಲನೆಯ ಬುಟ್ಟಿಗೆ ಸೇರಿಸಿ.

ಕೂಡುಕುಟುಂಬವಿಲ್ಲದವರಿಗೆ ನೆರೆಹೊರೆಯೇ ಬಲ. ಶಿರಹಟ್ಟಿಯ ಹೆಸರು ಹೇಳಿದರೆ ಹಿಂದೂ-ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಫಕೀರೇಶ್ವರ ಮಠ ನೆನಪಾಗುತ್ತದೆ. ಆ ಊರಿನ ಓಣಿಯೊಂದರಲ್ಲಿ ನಾನು ಕಂಡ ದೃಶ್ಯ ಇದು. "ಆಪಾ, ಕೂಸನ್ನ ಇತ್ತ ಕೊಡ್ರಿ, ನೀವು ರೊಟ್ಟಿ ಬಡೀರಿ. ನಂದು ಆಮ್ಯಾಲೆ ನೀವು ನೋಡ್ಕೊಳ್ರಿ" ಎಂದು ಪಕ್ಕದ ಮನೆಯಾಕೆ ಕಟ್ಟೆಯ ಮೇಲಿಂದಲೇ ಕೈಚಾಚಿದರು. ಅರ್ಧ ಗಂಟೆ ಇವರ ಮಗು ಅಲ್ಲಿ, ಅರ್ಧ ಗಂಟೆ ಅವರ ಮಗು ಇಲ್ಲಿ. ಇಬ್ಬರ ಒಲೆಯ ಕೆಲಸವೂ ಮುಗಿಯಿತು. ನೀರು ಬಂದ ದಿನ ಇಂತಹ ಒಂದು ಒಪ್ಪಂದ ನಿಮ್ಮ ಓಣಿಯಲ್ಲೂ ಇರಲಿ.

ಅಬ್ಬಾ ಎಲ್ಲಿದ್ದಾರೆ?

ಇದನ್ನು ಓದುವ ಸಹೋದರರಿಗೂ ಒಂದು ಮಾತು. ಪ್ರವಾದಿವರ್ಯರು(ಸ) ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದಾಗ, ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರು, ನಮಾಝಿನ ವೇಳೆಯಾದಾಗ ಹೊರಡುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ಉತ್ತರಿಸಿದ್ದರು. ಮಗುವನ್ನು ನೋಡಿಕೊಳ್ಳುವುದು 'ಹೆಂಡತಿಗೆ ಸಹಾಯ' ಅಲ್ಲ, ಅದು ನಿಮ್ಮದೇ ಮಗು. ನೀರು ಬಂದ ಹೊತ್ತಿನಲ್ಲಿ ಪೈಪು ಹಿಡಿಯಿರಿ ಅಥವಾ ಮಗುವನ್ನು ಹಿಡಿಯಿರಿ. ಎರಡೂ ಒಬ್ಬಳ ಕೈಯಲ್ಲಿರಬಾರದು.

ಸಹೋದರಿಯರೂ ಬಾಯಿಬಿಟ್ಟು ಕೇಳಬೇಕು. ಬೀಸುಕಲ್ಲು ತಿರುಗಿಸಿ ಕೈ ನೊಂದಾಗ ಹಝ್ರತ್ ಫಾತಿಮಾ(ರ) ತಮ್ಮ ತಂದೆಯ ಬಳಿ ಒಬ್ಬ ಸೇವಕರನ್ನು ಕೇಳಲು ಹೋಗಿದ್ದರು. ದಣಿವನ್ನು ಹೇಳಿಕೊಳ್ಳುವುದು ಸಬ್ರ್‌ನ ಕೊರತೆಯೆಂದು ಯಾರೂ ಅವರನ್ನು ದೂರಲಿಲ್ಲ. ಪ್ರವಾದಿವರ್ಯರೇ(ಸ) ಅವರ ಮನೆಗೆ ಬಂದು, ಮಲಗುವ ಮುನ್ನ 33 ಬಾರಿ ಸುಬ್‌ಹಾನಲ್ಲಾಹ್, 33 ಬಾರಿ ಅಲ್ಹಮ್ದುಲಿಲ್ಲಾಹ್, 34 ಬಾರಿ ಅಲ್ಲಾಹು ಅಕ್ಬರ್ ಹೇಳಲು ಕಲಿಸಿದರು. ದಿನವಿಡೀ ದುಡಿದ ಕೈಬೆರಳುಗಳ ಮೇಲೆ ರಾತ್ರಿ ಎಣಿಸಲು ಇದಕ್ಕಿಂತ ಒಳ್ಳೆಯ ಲೆಕ್ಕ ಯಾವುದಿದೆ?

ಇಷ್ಟಾದರೂ ಕೆಲವೊಮ್ಮೆ ಕೈ ಎತ್ತಿಹೋಗುತ್ತದೆ. ಹಾಗಾದಾಗ ಮಗುವನ್ನು ಸುರಕ್ಷಿತ ಜಾಗದಲ್ಲಿ ಕೂರಿಸಿ, ಒಂದು ಲೋಟ ನೀರು ಕುಡಿದು, ವುಝೂ ಮಾಡಿ ಬನ್ನಿ. ನಂತರ ಮಗುವನ್ನು ಅಪ್ಪಿಕೊಂಡು ತಪ್ಪಾಯಿತೆಂದು ಹೇಳಿ. ಅಮ್ಮಿಯೂ ಕ್ಷಮೆ ಕೇಳುತ್ತಾಳೆಂದು ಮಗು ಕಲಿಯಲಿ. ದಿನಗಟ್ಟಲೆ ಅಳು ಬರುತ್ತಿದ್ದರೆ, ಮಗುವನ್ನು ಕಂಡರೇ ಬೇಡವೆನಿಸುತ್ತಿದ್ದರೆ ಅದನ್ನು ಈಮಾನಿನ ದೌರ್ಬಲ್ಯವೆಂದು ಮುಚ್ಚಿಡಬೇಡಿ. ಹೆರಿಗೆಯ ನಂತರ ಅನೇಕ ತಾಯಂದಿರಿಗೆ ಬರುವ ಈ ಕಾಯಿಲೆಗೆ ಚಿಕಿತ್ಸೆಯಿದೆ. ವೈದ್ಯರಿಗೆ ತೋರಿಸಿ.

ಈಗಲೂ ನಮ್ಮ ಓಣಿಗೆ ನೀರು ಬಂದೊಡನೆ ಗದ್ದಲ ಏಳುತ್ತದೆ. ನನ್ನ ಮಗ ದೊಡ್ಡವನಾಗಿ ತಾನೇ ಪೈಪು ಹಿಡಿಯುತ್ತಾನೆ. ಆದರೂ ಅಂಗಳದಲ್ಲಿ ತುಂಬಿದ ಬಕೆಟ್ ಕಂಡರೆ ನನ್ನ ಕೈ ತಾನಾಗಿ ಅದನ್ನು ಎತ್ತಿ ಸುರಿಯುತ್ತದೆ. ನಿಮ್ಮ ಮನೆಯಲ್ಲಿ ಪುಟ್ಟ ಮಗುವಿದ್ದರೆ ಈ ಪುಟ ಮಡಿಸುವ ಮೊದಲು ಎದ್ದು ಹೋಗಿ ಬಚ್ಚಲಲ್ಲಿರುವ ಬಕೆಟ್ಟನ್ನು ಒಮ್ಮೆ ನೋಡಿ ಬನ್ನಿ. ನೆಲದ ಮೇಲೆ ಚೆಲ್ಲಿದ ಹಿಟ್ಟು ಸಂಜೆಯವರೆಗೆ ಅಲ್ಲೇ ಇದ್ದರೂ ಪರವಾಗಿಲ್ಲ. ಅಲ್ಲಾಹನು ನಮ್ಮ ಮಕ್ಕಳನ್ನು ಕಾಪಾಡಲಿ, ನಮ್ಮ ನಾಲಗೆಗೆ ಮೃದುತ್ವವನ್ನೂ ಕಣ್ಣಿಗೆ ಎಚ್ಚರವನ್ನೂ ಕೊಡಲಿ. ಆಮೀನ್.